ದಿಕ್ಕು ಬದಲಿಸಿದಾಗ ಕಾಣೆಯಾಗುವ ಮೈಕ್ರಾನ್‌ಗಳು: ಸಿಎನ್‌ಸಿ ಆಕ್ಸಿಸ್‌ನ ಪ್ಲೇ, ಸ್ಪ್ರಿಂಗ್, ಘರ್ಷಣೆಯನ್ನು ಬೇರೆ ಬೇರೆಯಾಗಿ ಹಿಡಿಯುವುದು ಹೇಗೆ

ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮೆಷಿನ್‌ಗೆ ಡಯಲ್ ಹಚ್ಚಿ ಎಕ್ಸ್ ಆಕ್ಸಿಸನ್ನು 0.100 ಮಿ.ಮೀ. ಮುಂದೆ ಒಯ್ದಿರಿ, ಅಷ್ಟೇ ಹಿಂದೆ ತಂದಿರಿ. ಮುಳ್ಳು ಸೊನ್ನೆಗೆ ಬರಲಿಲ್ಲ, 12 ಮೈಕ್ರಾನ್ (0.012 ಮಿ.ಮೀ.) ಆಚೆಗೇ ನಿಂತಿತು. ಸಾಮಾನ್ಯವಾಗಿ ಮುಂದೆ ನಡೆಯುವುದು ಒಂದೇ ಕೆಲಸ: ದಿಕ್ಕು ಬದಲಿಸಿದಾಗ ಕಳೆದುಹೋಗುವ ಚಲನೆಯನ್ನು ತುಂಬಿಕೊಡುವ ಬ್ಯಾಕ್‌ಲ್ಯಾಶ್ ಪ್ಯಾರಾಮೀಟರ್‌ಗೆ 12 ಹಾಕುವುದು. ಅವತ್ತಿನ ಮಟ್ಟಿಗೆ ಬೋರ್ (ಕೊರೆದ ರಂಧ್ರ) ದುಂಡಗೆ ಬರುತ್ತದೆ. ಮಾರನೆಯ ಬೆಳಗ್ಗೆ ತಣ್ಣಗಿರುವ ಮೆಷಿನ್‌ನಲ್ಲಿ ಅದೇ ಬೋರ್‌ಗೆ ಮತ್ತೆ ನಾಲ್ಕು ಕಡೆ ಗೆರೆ ಬೀಳುತ್ತದೆ. ಟೇಬಲ್‌ನ ನಡುವೆ ಸರಿ ಬಂದ ಅಳತೆ ಅಂಚಿನಲ್ಲಿ ತಪ್ಪುತ್ತದೆ. ಆಗ ಮತ್ತೆ ಪ್ಯಾರಾಮೀಟರ್ ತಿದ್ದುವುದು, ಮತ್ತೆ ತಪ್ಪುವುದು.

ಆ 12 ಮೈಕ್ರಾನ್ ಒಂದೇ ಕಾರಣದಿಂದ ಬಂದದ್ದಲ್ಲ, ತೊಂದರೆ ಇರುವುದು ಅಲ್ಲಿ. ಅದರಲ್ಲಿ ನಿಜವಾದ ಖಾಲಿ ಜಾಗ ಸ್ವಲ್ಪ, ಸ್ಕ್ರೂ-ಬೇರಿಂಗ್-ಕಪ್ಲಿಂಗ್ ಬಲಕ್ಕೆ ಬಗ್ಗಿದ್ದು ಸ್ವಲ್ಪ, ಸ್ಲೈಡ್ ಹಿಡಿದುಕೊಂಡು ನಿಂತದ್ದು ಸ್ವಲ್ಪ. ಕಂಟ್ರೋಲರ್ ಒಂದು ಸ್ಥಿರ ಸಂಖ್ಯೆಯಿಂದ ಸರಿದೂಗಿಸಬಲ್ಲದ್ದು ಮೊದಲನೆಯದನ್ನು ಮಾತ್ರ, ಅದನ್ನೂ ಸ್ಟ್ರೋಕ್‌ನ ಉದ್ದಕ್ಕೂ ಒಂದೇ ಸಮ ಇದ್ದರೆ ಮಾತ್ರ. ಆದ್ದರಿಂದ ಪ್ಯಾರಾಮೀಟರ್ ಪುಟ ತೆರೆಯುವ ಮೊದಲು ಈ ಮೂರನ್ನು ಬೇರೆ ಮಾಡಿಕೊಳ್ಳಬೇಕು. ಬೇಕಾಗುವ ಸಾಮಾನು ಹೆಚ್ಚಿಲ್ಲ: 1 ಮೈಕ್ರಾನ್ ಓದುವ ಲಿವರ್ ಡಯಲ್, ಚಪ್ಪಟೆ ತುದಿಯ ಪ್ಲಂಜರ್ ಡಯಲ್, ಒಳ್ಳೆಯ ಮ್ಯಾಗ್ನೆಟಿಕ್ ಸ್ಟ್ಯಾಂಡ್, 6 ಅಥವಾ 8 ಮಿ.ಮೀ. ಸ್ಟೀಲ್ ಬಾಲ್ ಒಂದು, ಸ್ವಲ್ಪ ಗ್ರೀಸ್, ಪೇಂಟ್ ಮಾರ್ಕರ್, ಒಂದು ಮರದ ದಿಮ್ಮಿ, ಬರೆದುಕೊಳ್ಳಲು ಹಾಳೆ.

ಜಾಗವೇ ಇಲ್ಲದಿದ್ದರೂ ಮೈಕ್ರಾನ್ ಕಳೆದುಹೋಗುತ್ತದೆ

ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಿದರೆ ಮನಸ್ಸಿಗೆ ಹತ್ತುತ್ತದೆ. ಮೋಟಾರ್ ತಿರುಗಿಸುವ, ನಟ್ ಮೂಲಕ ಟೇಬಲನ್ನು ಸಾಗಿಸುವ 40 ಮಿ.ಮೀ. ಬಾಲ್ ಸ್ಕ್ರೂ, ಥ್ರೆಡ್ ತಳದಲ್ಲಿ 34 ಮಿ.ಮೀ. ವ್ಯಾಸ. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 908 ಚದರ ಮಿ.ಮೀ. ಸ್ಕ್ರೂ ಉದ್ದಕ್ಕೆ ಸರಿಯದಂತೆ ಹಿಡಿಯುವ ಥ್ರಸ್ಟ್ ಬೇರಿಂಗ್ ಮೋಟಾರ್ ತುದಿಯಲ್ಲಿ ಮಾತ್ರ ಇದೆ, ನಟ್ ಅಲ್ಲಿಂದ 600 ಮಿ.ಮೀ. ದೂರದಲ್ಲಿದೆ. ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ ಚದರ ಮಿ.ಮೀ.ಗೆ 2,06,000 ನ್ಯೂಟನ್. ವಿಸ್ತೀರ್ಣವನ್ನು ಅದರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಸ್ಕ್ರೂವಿನ ಬಿಗಿತ ಮೈಕ್ರಾನ್‌ಗೆ 312 ನ್ಯೂಟನ್. ನಟ್‌ದು 400, ಬೇರಿಂಗ್‌ದು 500 ಎಂದಿಟ್ಟುಕೊಳ್ಳಿ. ಇವು ಒಂದರ ಹಿಂದೆ ಒಂದು ಜೋಡಿಸಿದ ಸ್ಪ್ರಿಂಗ್‌ಗಳಿದ್ದ ಹಾಗೆ, ಒಟ್ಟಿಗೆ ಸೇರಿದಾಗ ಉಳಿಯುವುದು ಮೈಕ್ರಾನ್‌ಗೆ ಸುಮಾರು 130 ನ್ಯೂಟನ್ ಅಷ್ಟೇ.

ಈಗ ಟೇಬಲ್ ಮತ್ತು ಜಾಬ್ ಸೇರಿ 500 ಕೆ.ಜಿ., ಬಾಕ್ಸ್ ವೇ (ಟೇಬಲ್ ಉಜ್ಜಿಕೊಂಡು ಜಾರುವ ಚಪ್ಪಟೆ ಹಳಿ) ಮೇಲೆ ಕೂತಿದೆ, ಘರ್ಷಣೆಯ ಗುಣಾಂಕ 0.1. ಅದನ್ನು ಸರಿಸಲು 490 ನ್ಯೂಟನ್ ಬೇಕು. ಅಷ್ಟು ಬಲ ಹುಟ್ಟುವಷ್ಟರಲ್ಲಿ ಡ್ರೈವ್ 3.8 ಮೈಕ್ರಾನ್ ಕುಗ್ಗಿರುತ್ತದೆ. ದಿಕ್ಕು ಬದಲಿಸಿದಾಗ ಮೊದಲು ಆ ಕುಗ್ಗು ಬಿಚ್ಚಿಕೊಳ್ಳಬೇಕು, ಆಮೇಲೆ ಇನ್ನೊಂದು ಕಡೆಗೆ ಅಷ್ಟೇ ಎಳೆಯಬೇಕು. ಒಟ್ಟು ಏಳೂವರೆ ಮೈಕ್ರಾನ್. ನಟ್ ಹೊಸದು, ಬೇರಿಂಗ್ ಹೊಸದು, ಎಲ್ಲಿಯೂ ಕೂದಲೆಳೆಯ ಜಾಗವಿಲ್ಲ, ಆದರೂ ಡಯಲ್ ಏಳೂವರೆ ತೋರಿಸುತ್ತದೆ. ಅದೇ ಟೇಬಲ್ ಲೀನಿಯರ್ ಗೈಡ್ (ಬಾಲ್ ಅಥವಾ ರೋಲರ್ ಮೇಲೆ ಉರುಳುವ ಹಳಿ) ಮೇಲಿದ್ದು, ಸೀಲ್ ಎಳೆತ ಸೇರಿ 60 ನ್ಯೂಟನ್ ಸಾಕು ಎಂದಾದರೆ ಈ ಲೆಕ್ಕ 1 ಮೈಕ್ರಾನ್‌ಗಿಂತ ಕೆಳಗಿಳಿಯುತ್ತದೆ. ಅಂದರೆ ಬಾಕ್ಸ್ ವೇ ಮೆಷಿನ್‌ನಲ್ಲಿ 8 ಮೈಕ್ರಾನ್ ಕಂಡು ನಟ್ ಬಿಚ್ಚಲು ಹೋಗಬೇಡಿ. ಲೀನಿಯರ್ ಗೈಡ್ ಮೆಷಿನ್‌ನಲ್ಲಿ 8 ಕಂಡರೆ ಎಲ್ಲೋ ಏನೋ ಸಡಿಲವಾಗಿದೆ ಎಂದೇ ಹೊರಡಿ.

ಬಾಕ್ಸ್ ವೇಯಲ್ಲಿ ಘರ್ಷಣೆ ಎಣ್ಣೆ, ಬಿಸಿ, ಜಾಬ್‌ನ ತೂಕ, ಫೀಡ್ ಎಲ್ಲಕ್ಕೂ ಬದಲಾಗುತ್ತದೆ. ಹಾಗಾಗಿ ಅದರಿಂದ ಹುಟ್ಟಿದ ಮೈಕ್ರಾನ್‌ಗಳೂ ಬದಲಾಗುತ್ತವೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಅಳತೆ ಬರುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಡಯಲ್ ಪರೀಕ್ಷೆ: ಕ್ಲಿಕ್ ಎಣಿಸಿ

ಆಕ್ಸಿಸನ್ನು ಪೂರ್ತಿ ಸ್ಟ್ರೋಕ್‌ನಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಎಣ್ಣೆ ಸ್ಲೈಡ್‌ಗೆ ತಲುಪುತ್ತಿದೆಯೇ ನೋಡಿ. ಈಗಿರುವ ಬ್ಯಾಕ್‌ಲ್ಯಾಶ್ ಮೌಲ್ಯವನ್ನು ಬರೆದಿಟ್ಟುಕೊಂಡು ಸೊನ್ನೆ ಮಾಡಿ. ಫಾನಕ್ ಕಂಟ್ರೋಲರ್‌ನಲ್ಲಿ ಅದು 1851ನೇ ಪ್ಯಾರಾಮೀಟರ್ (ಕಟಿಂಗ್ ಫೀಡ್‌ಗೆ). 1800ರ 4ನೇ ಬಿಟ್ 1 ಇದ್ದರೆ ರ್‍ಯಾಪಿಡ್‌ಗೆ ಬೇರೆಯಾಗಿ 1852. ಸೀಮೆನ್ಸ್ 828ಡಿ, 840ಡಿಗಳಲ್ಲಿ ಮೆಷಿನ್ ಡೇಟಾ 32450. ಫಾನಕ್ ಡಿಟೆಕ್ಷನ್ ಯೂನಿಟ್‌ನಲ್ಲಿ (ಅದು ಗುರುತಿಸುವ ಅತಿ ಸಣ್ಣ ಹೆಜ್ಜೆಯಲ್ಲಿ) ಕೇಳುತ್ತದೆ, ಹೆಚ್ಚಿನ ಮೆಷಿನ್‌ಗಳಲ್ಲಿ 1 ಎಂದರೆ 1 ಮೈಕ್ರಾನ್, ಸೀಮೆನ್ಸ್ ಮಿ.ಮೀ.ನಲ್ಲಿ ಕೇಳುತ್ತದೆ. ಒಂದರ ಅಭ್ಯಾಸದಲ್ಲಿ ಇನ್ನೊಂದಕ್ಕೆ 12 ಎಂದು ಒತ್ತಿದರೆ 12 ಮಿ.ಮೀ. ಕೇಳಿದ ಹಾಗಾಗುತ್ತದೆ. ದಶಾಂಶ ಚುಕ್ಕಿಯನ್ನು ಎರಡು ಸಲ ನೋಡಿ.

ಮೊದಲು ಡಯಲನ್ನು ಸ್ಪಿಂಡಲ್ ಮೂತಿಗೆ ಕಟ್ಟಿ, ಟೇಬಲ್ ಮೇಲೆ ಕ್ಲಾಂಪ್ ಮಾಡಿದ ಬ್ಲಾಕ್‌ಗೆ ತಾಗಿಸಿ. ಟೂಲ್ ಮತ್ತು ಜಾಬ್ ನಡುವಿನ ಒಟ್ಟು ತಪ್ಪನ್ನು ತೋರಿಸುವುದು ಈ ಜಾಗ. ಡಯಲ್‌ಗೆ ಸ್ವಲ್ಪ ಒತ್ತಡ ಇರಲಿ, ಸ್ಟ್ಯಾಂಡ್‌ನ ತೋಳು ಆದಷ್ಟು ಗಿಡ್ಡ ಇರಲಿ. ಉದ್ದ ತೋಳು ತಾನೇ ಎರಡು ಮೂರು ಮೈಕ್ರಾನ್ ನುಂಗುತ್ತದೆ. ಡಯಲ್‌ಗೂ ತನ್ನದೇ ಆದ ಹಿಂದುಮುಂದಿನ ತಪ್ಪು 1-2 ಮೈಕ್ರಾನ್ ಇರುವುದರಿಂದ ಅದಕ್ಕಿಂತ ಸಣ್ಣ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹ್ಯಾಂಡ್ ವೀಲ್ ×100ರಲ್ಲಿಟ್ಟು (ಕ್ಲಿಕ್‌ಗೆ 100 ಮೈಕ್ರಾನ್) ಪ್ಲಸ್ ದಿಕ್ಕಿಗೆ ಐದು ಕ್ಲಿಕ್ ಒಯ್ಯಿರಿ, ಡ್ರೈವ್ ಒಂದು ಮಗ್ಗುಲಿಗೆ ಪೂರ್ತಿ ಒರಗಲಿ. ಡಯಲ್ ಸೊನ್ನೆ ಮಾಡಿ. ×10ರಲ್ಲಿ ಅದೇ ದಿಕ್ಕಿಗೆ ಐದು ಕ್ಲಿಕ್ ಕೊಟ್ಟು ಡಯಲ್ 0.050 ತೋರಿಸುತ್ತದೆಯೇ ಖಚಿತ ಮಾಡಿಕೊಳ್ಳಿ. ಈಗ ×1ಕ್ಕೆ ಬಂದು ಮೈನಸ್ ದಿಕ್ಕಿಗೆ ಒಂದೊಂದೇ ಕ್ಲಿಕ್, ಪ್ರತಿ ಕ್ಲಿಕ್ ಆದಮೇಲೆ ಎರಡು ಸೆಕೆಂಡ್ ತಡೆದು ಡಯಲ್ ಓದಿ ಬರೆಯಿರಿ. ಸುಮಾರು 40 ಕ್ಲಿಕ್ ಬರೆಯಬೇಕು. ಬೇಸರದ ಕೆಲಸ ಹೌದು, ಆದರೆ ಇಡೀ ರೋಗನಿರ್ಣಯ ಈ 40 ಸಾಲಿನಲ್ಲಿದೆ.

ಮುಳ್ಳು 12 ಕ್ಲಿಕ್ ಅಲ್ಲಾಡದೆ 13ರಿಂದ ಕ್ಲಿಕ್‌ಗೆ ಒಂದರಂತೆ ಸಮವಾಗಿ ಹೊರಟರೆ ಅದು ಖಾಲಿ ಜಾಗ ಇರಬಹುದು, ಇಲ್ಲವೇ ಸಮಾನ ಘರ್ಷಣೆಯೊಡನೆ ಸ್ಪ್ರಿಂಗ್ ಇರಬಹುದು. ಈ ಪರೀಕ್ಷೆಯೊಂದರಲ್ಲೇ ಎರಡೂ ಒಂದೇ ಥರ ಕಾಣುತ್ತವೆ. ಮುಳ್ಳು 6 ಕ್ಲಿಕ್ ಸುಮ್ಮನಿದ್ದು ಏಳನೆಯದಕ್ಕೆ ಒಮ್ಮೆಲೇ 4 ಮೈಕ್ರಾನ್ ಹಾರಿ, ಮತ್ತೆ ಮೂರು ಕ್ಲಿಕ್ ನಿಂತು, ಮತ್ತೆ ಹಾರಿದರೆ ಅದು ಅಂಟಿ ಜಾರುವುದು, ಸ್ಟಿಕ್-ಸ್ಲಿಪ್. ಅದಕ್ಕೂ ಬ್ಯಾಕ್‌ಲ್ಯಾಶ್ ಪ್ಯಾರಾಮೀಟರ್‌ಗೂ ಸಂಬಂಧವಿಲ್ಲ. ಮೊದಲಿನಿಂದಲೇ ಮುಳ್ಳು ಅರ್ಧರ್ಧ ಮೈಕ್ರಾನ್ ತೆವಳಿಕೊಂಡು ಬಂದು ನಿಧಾನಕ್ಕೆ ವೇಗ ಕೂಡಿಸಿಕೊಂಡರೆ ಎಲ್ಲೋ ಮೆತ್ತಗಿನ ಭಾಗವಿದೆ: ಕಪ್ಲಿಂಗ್‌ನ ರಬ್ಬರ್, ಸಡಿಲ ಬೆಲ್ಟ್, ಬೋಲ್ಟ್ ಬಿಟ್ಟ ನಟ್ ಬ್ರಾಕೆಟ್.

ಇದನ್ನು ಸ್ಟ್ರೋಕ್‌ನ ಎರಡು ಅಂಚು ಮತ್ತು ನಡುವೆ, ಹೀಗೆ ಕನಿಷ್ಠ ಮೂರು ಕಡೆ ಮಾಡಿ. ಮೆಷಿನ್ ಟೂಲ್‌ನ ಸ್ಥಾನ ಪರೀಕ್ಷೆಯ ಐಎಸ್‌ಓ 230-2 ಮಾನದಂಡ 2 ಮೀಟರ್‌ವರೆಗಿನ ಆಕ್ಸಿಸ್‌ಗೆ ಮೀಟರ್‌ಗೆ ಕನಿಷ್ಠ ಐದು ಜಾಗ, ಪ್ರತಿ ಜಾಗಕ್ಕೂ ಎರಡೂ ದಿಕ್ಕಿನಿಂದ ಐದೈದು ಸಲ ಎಂದು ಹೇಳುತ್ತದೆ. ಲೇಸರ್ ತಂದಾಗ ಹಾಗೆ ಮಾಡಿಸಿ. ದಿನದ ಕೆಲಸಕ್ಕೆ ಮೂರು ಜಾಗ ಸಾಕು.

ಜಾಗವೋ ಸ್ಪ್ರಿಂಗೋ: ಕೈಯಿಂದ ತಳ್ಳಿ

ಸರ್ವೋ ಆನ್ ಇರಲಿ, ಆಕ್ಸಿಸ್ ನಿಂತಿರಲಿ, ಸ್ಪಿಂಡಲ್ ಆಫ್ ಇರಲಿ. ಡಯಲ್ ಹಾಗೇ ಇರಲಿ. ಟೇಬಲ್ ತುದಿಗೆ ಅಂಗೈ ಕೊಟ್ಟು 20 ಕೆ.ಜಿ.ಯಷ್ಟು ತಳ್ಳಿ, ಬಿಡಿ. ಆಮೇಲೆ ಅಷ್ಟೇ ಎಳೆಯಿರಿ, ಬಿಡಿ. ಕೈಗೆ ಅಂದಾಜು ಸಿಗದಿದ್ದರೆ ಸ್ಪ್ರಿಂಗ್ ತಕ್ಕಡಿ ಕಟ್ಟಿ.

ಖಾಲಿ ಜಾಗ ಇದ್ದರೆ ಟೇಬಲ್ ಹಗುರವಾಗಿ ಸರಿದು, ಬಿಟ್ಟಮೇಲೂ ಸರಿದಲ್ಲೇ ಉಳಿಯುತ್ತದೆ. ಸ್ಪ್ರಿಂಗ್ ಇದ್ದರೆ ತಳ್ಳಿದಾಗ ಮುಳ್ಳು ಸರಿಯುತ್ತದೆ, ಬಿಟ್ಟಾಗ ವಾಪಸ್ ಬರುತ್ತದೆ. ಮೇಲಿನ ಲೆಕ್ಕದ ಡ್ರೈವ್‌ಗೆ 200 ನ್ಯೂಟನ್ ಕೊಟ್ಟರೆ ಒಂದೂವರೆ ಮೈಕ್ರಾನ್ ಮಾತ್ರ ಸರಿಯಬೇಕು; 10 ಸರಿದು ಅಲ್ಲೇ ಕೂತರೆ ಅದು ಜಾಗವೇ.

ಈ ಪರೀಕ್ಷೆ ಲೀನಿಯರ್ ಗೈಡ್‌ನಲ್ಲಿ ಸ್ಪಷ್ಟ. ಬಾಕ್ಸ್ ವೇಯಲ್ಲಿ 490 ನ್ಯೂಟನ್ ಘರ್ಷಣೆಯೇ ನಿಮ್ಮ 200 ನ್ಯೂಟನ್ ನುಂಗಿಬಿಡುತ್ತದೆ, ಟೇಬಲ್ ಅಲ್ಲಾಡುವುದೇ ಇಲ್ಲ, ಎಲ್ಲ ಸರಿಯಿದೆ ಎನಿಸುತ್ತದೆ. ಅಲ್ಲಿ ಬೇರೆ ದಾರಿ ಹಿಡಿಯಿರಿ: ಎಣ್ಣೆ ಪಂಪ್ ನಾಲ್ಕೈದು ಸಲ ಒತ್ತಿ, ಟೇಬಲ್ ಮೇಲಿನ ಜಾಬ್ ಮತ್ತು ವೈಸ್ ಇಳಿಸಿ, ಅದೇ ಕ್ಲಿಕ್ ಪರೀಕ್ಷೆ ಮತ್ತೆ ಮಾಡಿ. 12 ಇದ್ದದ್ದು 8ಕ್ಕೆ ಇಳಿದರೆ ಇಳಿದ 4 ಘರ್ಷಣೆ-ಸ್ಪ್ರಿಂಗ್ ಜೋಡಿಯದು. ಎಷ್ಟು ಹಗುರ ಮಾಡಿದರೂ ಇಳಿಯದೆ ಉಳಿಯುವುದರಲ್ಲಿ ಖಾಲಿ ಜಾಗದ ಪಾಲು ದೊಡ್ಡದು.

ಇಲ್ಲಿ ಇನ್ನೊಂದು ಮಾತು ತಲೆಯಲ್ಲಿರಲಿ. ಬ್ಯಾಕ್‌ಲ್ಯಾಶ್ ಪರಿಹಾರ ಕೆಲಸ ಮಾಡಬೇಕಾದರೆ ಟೇಬಲ್ ಜಾಗದ ಒಂದು ಗೋಡೆಗೆ ಒರಗಿ ನಿಂತಿರಬೇಕು. ಬಾಕ್ಸ್ ವೇಯಲ್ಲಿ ಘರ್ಷಣೆ ಟೇಬಲನ್ನು ಹಾಗೆ ನಿಲ್ಲಿಸುತ್ತದೆ. ಲೀನಿಯರ್ ಗೈಡ್‌ನಲ್ಲಿ ಟೇಬಲ್ ಆ ಜಾಗದೊಳಗೆ ತೇಲುತ್ತಿರುತ್ತದೆ, ಕಟ್ಟರ್ ಎಳೆದ ಕಡೆಗೆ ಹೋಗುತ್ತದೆ. ಎಚ್‌ಎಂಟಿಯ ಹಳೆಯ ಮ್ಯಾನ್ಯುಯಲ್ ಮಿಲ್ಲಿಂಗ್ ಮೆಷಿನ್ ಮೇಲೆ ಕೆಲಸ ಕಲಿತವರಿಗೆ ಇದು ಗೊತ್ತಿರುವ ಸಂಗತಿ: ಸವೆದ ಲೀಡ್ ಸ್ಕ್ರೂ ಇಟ್ಟುಕೊಂಡು ಕ್ಲೈಂಬ್ ಮಿಲ್ಲಿಂಗ್ (ಕಟ್ಟರ್ ಹಲ್ಲು ಫೀಡ್ ದಿಕ್ಕಿಗೇ ಸಾಗುವಂತೆ ಕಟಿಂಗ್) ಮಾಡಿದರೆ ಕಟ್ಟರ್ ಜಾಬನ್ನು ತನ್ನೆಡೆಗೆ ಕಿತ್ತುಕೊಳ್ಳುತ್ತದೆ, ಹಲ್ಲು ಮುರಿಯುತ್ತದೆ. ಸಿಎನ್‌ಸಿಯಲ್ಲಿ ಅದೇ ಸಣ್ಣ ಪ್ರಮಾಣದಲ್ಲಿ ನಡೆದಾಗ ಮೇಲ್ಮೈ ಮೇಲೆ ಅಲೆ ಅಲೆಯಾಗಿ ಕಾಣುತ್ತದೆ.

ಎಲ್ಲಿ ಸಡಿಲ ಎಂದು ಹುಡುಕುವುದು

ಥ್ರಸ್ಟ್ ಬೇರಿಂಗ್‌ನಿಂದ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಅದು ಸುಲಭಕ್ಕೆ ಸಿಗುತ್ತದೆ, ಸಡಿಲವಾಗುವುದೂ ಹೆಚ್ಚು. ಸ್ಕ್ರೂವಿನ ಮೋಟಾರ್ ಇಲ್ಲದ ತುದಿಯ ಮುಚ್ಚಳ ತೆಗೆದರೆ ನಡುವೆ ಸೆಂಟರ್ ಕುಳಿ ಕಾಣುತ್ತದೆ. ಅದನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಒಂದು ಚಿಟಿಕೆ ಗ್ರೀಸ್ ಇಟ್ಟು, ಸ್ಟೀಲ್ ಬಾಲನ್ನು ಅದರೊಳಗೆ ಕೂರಿಸಿ. ಗ್ರೀಸ್ ಬಾಲನ್ನು ಹಿಡಿದುಕೊಳ್ಳುತ್ತದೆ. ಚಪ್ಪಟೆ ತುದಿಯ ಪ್ಲಂಜರ್ ಡಯಲನ್ನು ಆ ಬಾಲ್‌ಗೆ ನೇರ ತಾಗಿಸಿ, ಸ್ಟ್ಯಾಂಡನ್ನು ಬೇರಿಂಗ್ ಹೌಸಿಂಗ್ ಮೇಲೆ ಕೂರಿಸಿ. ಸ್ಕ್ರೂ ತಿರುಗಿದರೂ ಬಾಲ್‌ನಿಂದಾಗಿ ಡಯಲ್‌ಗೆ ಬರೀ ಉದ್ದದ ಚಲನೆ ಮಾತ್ರ ಸಿಗುತ್ತದೆ. ಈಗ ಹ್ಯಾಂಡ್ ವೀಲ್ ×10ರಲ್ಲಿ ಮುಂದೆ ಹತ್ತು ಕ್ಲಿಕ್, ಹಿಂದೆ ಹತ್ತು ಕ್ಲಿಕ್. ಸ್ಕ್ರೂ ತಾನಿದ್ದಲ್ಲೇ ತಿರುಗಬೇಕು. ದಿಕ್ಕು ಬದಲಿಸಿದಾಗ ಒಂದೆರಡು ಮೈಕ್ರಾನ್ ಸರಿದರೆ ಅದು ಬೇರಿಂಗ್‌ನ ಸ್ಪ್ರಿಂಗ್. 8, 10 ಎಂದು ಟಕ್ಕನೆ ಹಿಂದೆ ಮುಂದೆ ಹೋದರೆ ಲಾಕ್ ನಟ್ ಬಿಟ್ಟಿದೆ, ಇಲ್ಲವೇ ಬೇರಿಂಗ್ ಸವೆದು ಪ್ರಿಲೋಡ್ (ಸಡಿಲ ಉಳಿಯದಂತೆ ಮೊದಲೇ ಕೊಟ್ಟ ಒತ್ತಡ) ಕಳೆದುಕೊಂಡಿದೆ.

ಲಾಕ್ ನಟ್ ಬಿಗಿ ಮಾಡುವಾಗ ಮೊದಲು ಅದರ ಬದಿಯ ಸಣ್ಣ ಗ್ರಬ್ ಸ್ಕ್ರೂ ಸಡಿಲಿಸಿ. ಅದನ್ನು ಮರೆತು ಹುಕ್ ಸ್ಪ್ಯಾನರ್ ಹಾಕಿದರೆ ಥ್ರೆಡ್ ಕಿತ್ತುಹೋಗುತ್ತದೆ. ಬಿಗಿ ಮಾಡಬೇಕಾದ್ದು ಬೇರಿಂಗ್ ಕ್ಯಾಟಲಾಗ್‌ನ ಟಾರ್ಕ್‌ಗೆ, ತೋಳಿನ ಬಲಕ್ಕಲ್ಲ. ಬಾಲ್ ಸ್ಕ್ರೂ ಸಪೋರ್ಟ್ ಬೇರಿಂಗ್‌ಗಳು 60 ಡಿಗ್ರಿ ಕಾಂಟ್ಯಾಕ್ಟ್ ಕೋನದ ಜೋಡಿಗಳು. ಪ್ರಿಲೋಡ್ ಅವುಗಳ ರಿಂಗ್ ಗ್ರೈಂಡಿಂಗ್‌ನಲ್ಲೇ ಕೂಡಿರುತ್ತದೆ. ನಟ್ ಆ ರಿಂಗ್‌ಗಳನ್ನು ಒಟ್ಟು ಕೂರಿಸಿದರೆ ಸಾಕು. ಹೆಚ್ಚು ಬಿಗಿದರೆ ಸ್ಕ್ರೂ ಬಿಸಿಯಾಗುತ್ತದೆ, ಉಕ್ಕು ಮೀಟರ್‌ಗೆ ಡಿಗ್ರಿಗೆ ಹನ್ನೆರಡು ಮೈಕ್ರಾನ್‌ನಷ್ಟು ಬೆಳೆಯುತ್ತದೆ, ನೀವು ಉಳಿಸಿದ 8 ಮೈಕ್ರಾನ್‌ಗೆ ಬದಲಾಗಿ 5 ಡಿಗ್ರಿಗೆ 60 ಮೈಕ್ರಾನ್ ಅಳತೆ ಓಡುತ್ತದೆ. ಬೇರಿಂಗ್ ಬದಲಿಸುವುದೇ ಆದರೆ ಇಡೀ ಸೆಟ್ ಬದಲಿಸಿ; ಹೊರ ರಿಂಗ್‌ಗಳ ಮೇಲಿನ ವಿ ಗುರುತು ಒಂದೇ ವಿ ಆಗಿ ಕೂಡುವ ಹಾಗೆ ಕೂರಿಸಿ. ಒಂದು ಹಳೆಯದು ಒಂದು ಹೊಸದು ಹಾಕಿದರೆ ಪ್ರಿಲೋಡ್ ಎಷ್ಟು ಬಂತೆಂದು ಯಾರಿಗೂ ತಿಳಿಯುವುದಿಲ್ಲ.

ಸ್ಕ್ರೂ ಸರಿಯದಿದ್ದರೆ ಮುಂದಿನದು ನಟ್. ಡಯಲ್ ಸ್ಟ್ಯಾಂಡನ್ನು ಟೇಬಲ್‌ನ ಅಡಿಭಾಗಕ್ಕೆ ಕೂರಿಸಿ ನಟ್ ಫ್ಲೇಂಜ್‌ಗೆ ತಾಗಿಸಿ. ದಿಕ್ಕು ಬದಲಿಸಿದಾಗ ಇಲ್ಲಿ ಮುಳ್ಳು ಅಲುಗಬಾರದು. ಅಲುಗಿದರೆ ಬ್ರಾಕೆಟ್ ಬೋಲ್ಟ್‌ಗಳು ಅಥವಾ ಅದರ ಡೋವೆಲ್ ಪಿನ್. ಇಲ್ಲೂ ಸರಿ, ಸ್ಕ್ರೂನೂ ಸರಿಯದು, ಟೇಬಲ್ ಮಾತ್ರ ತಡವಾಗಿ ಹೊರಡುತ್ತಿದೆ ಎಂದಾದರೆ ಉಳಿದದ್ದು ನಟ್‌ನ ಒಳಗಿನ ಬಾಲ್‌ಗಳ ಪ್ರಿಲೋಡ್, ಮತ್ತು ಮೋಟಾರ್‌ಗೂ ಸ್ಕ್ರೂಗೂ ನಡುವಿನ ಕಪ್ಲಿಂಗ್.

ಕಪ್ಲಿಂಗ್ ನೋಡಲು ಮೋಟಾರ್ ಶಾಫ್ಟ್, ಕಪ್ಲಿಂಗ್‌ನ ಎರಡು ಭಾಗ, ಸ್ಕ್ರೂ ಎಲ್ಲದರ ಮೇಲೂ ಹಾಯುವಂತೆ ಪೇಂಟ್ ಮಾರ್ಕರ್‌ನಿಂದ ಒಂದೇ ಗೆರೆ ಎಳೆಯಿರಿ. ಒಂದು ಶಿಫ್ಟ್ ಕೆಲಸ ಮಾಡಿಸಿ. ಗೆರೆ ಮುರಿದಿದ್ದರೆ ಕ್ಲಾಂಪ್ ಜಾರುತ್ತಿದೆ: ಬಿಚ್ಚಿ, ಶಾಫ್ಟ್ ಮತ್ತು ರಂಧ್ರ ಎರಡನ್ನೂ ಎಣ್ಣೆಯ ಪಸೆ ಇಲ್ಲದ ಹಾಗೆ ಒರೆಸಿ, ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ. ಗೆರೆ ಸರಿಯಿದ್ದೂ ಸಂಶಯವಿದ್ದರೆ ಸ್ಕ್ರೂಗೆ 100 ಮಿ.ಮೀ. ಉದ್ದದ ಒಂದು ತೋಳು ಕ್ಲಾಂಪ್ ಮಾಡಿ ಅದರ ತುದಿಗೆ ಡಯಲ್ ಹಚ್ಚಿ. 10 ಮಿ.ಮೀ. ಲೀಡ್‌ನ ಸ್ಕ್ರೂನಲ್ಲಿ ಟೇಬಲ್‌ನ 1 ಮೈಕ್ರಾನ್ ಎಂದರೆ ಆ ತೋಳಿನ ತುದಿಯಲ್ಲಿ 63 ಮೈಕ್ರಾನ್. ದಿಕ್ಕು ಬದಲಿಸಿ ಕ್ಲಿಕ್ ಕೊಟ್ಟಾಗ ಈ ತುದಿ ತಡವಾಗಿ ಹೊರಟರೆ ತಪ್ಪು ಮೋಟಾರ್‌ಗೂ ಸ್ಕ್ರೂಗೂ ನಡುವೆ. ತಕ್ಷಣ ಹೊರಟರೆ ಕಪ್ಲಿಂಗ್ ನಿರಪರಾಧಿ. ಕೀ ಇರುವ ಶಾಫ್ಟ್‌ನ ಸುತ್ತ ತುಕ್ಕಿನ ಬಣ್ಣದ ನುಣ್ಣನೆ ಪುಡಿ ಕಂಡರೆ ಕೀ ತನ್ನ ತೋಡಿನಲ್ಲಿ ಉಜ್ಜುತ್ತಿದೆ. ಜಾ ಕಪ್ಲಿಂಗ್ ಕೆಳಗೆ ರಬ್ಬರ್ ಚೂರು ಬಿದ್ದಿದ್ದರೆ ಸ್ಪೈಡರ್ ಬದಲಿಸಿ, ಮೊದಲಿದ್ದ ಶೋರ್ ಗಡಸುತನದ್ದನ್ನೇ ಹಾಕಿ. ಅಂಗಡಿಯಲ್ಲಿ ಸಿಕ್ಕಿತೆಂದು ಮೆತ್ತಗಿನದು ಹಾಕಿದರೆ ಸರ್ವೋ ನಡುಗಲು ಶುರುಮಾಡುತ್ತದೆ.

ಗಿಬ್ (ಸ್ಲೈಡ್‌ನ ಸಡಿಲ ಸರಿಹೊಂದಿಸುವ ಪಟ್ಟಿ) ಸಡಿಲವಾಗಿದ್ದರೂ ಡಯಲ್ ಬ್ಯಾಕ್‌ಲ್ಯಾಶ್ ಎಂದೇ ತೋರಿಸುತ್ತದೆ, ಟೇಬಲ್ ದಿಕ್ಕು ಬದಲಿಸುವಾಗ ಸ್ವಲ್ಪ ಓರೆಯಾಗುವುದರಿಂದ. ಪತ್ತೆ ಸುಲಭ: ಒಮ್ಮೆ ಸ್ಕ್ರೂವಿನ ನೇರಕ್ಕೆ, ಒಮ್ಮೆ ಅದರಿಂದ ಆದಷ್ಟು ದೂರದ ಟೇಬಲ್ ಅಂಚಿಗೆ ಡಯಲ್ ಹಚ್ಚಿ ನೋಡಿ. ಎರಡು ಕಡೆ ಬೇರೆ ಬೇರೆ ಬಂದರೆ ಅದು ಓರೆ. ಗಿಬ್ ಬಿಗಿ ಮಾಡಿ, ಆದರೆ ಕಾಲು ಸುತ್ತಿಗೊಮ್ಮೆ ಸರ್ವೋ ಲೋಡ್ ಮೀಟರ್ ನೋಡುತ್ತಾ ಹೋಗಿ. ಓರೆ ಕಡಿಮೆಯಾಗುತ್ತಾ ಬಂದ ಹಾಗೆ ಘರ್ಷಣೆ ಏರುತ್ತದೆ, ಘರ್ಷಣೆ ಏರಿದಷ್ಟೂ ಸ್ಪ್ರಿಂಗ್‌ನ ಪಾಲು ಏರುತ್ತದೆ. ಒಟ್ಟು ರೀಡಿಂಗ್ ಎಲ್ಲಿ ಅತಿ ಕಡಿಮೆಯೋ ಅಲ್ಲಿ ನಿಲ್ಲಿಸಿ.

ಜೆಡ್ ಆಕ್ಸಿಸ್‌ಗೆ ಬೇರೆ ನಿಯಮ

ಲಂಬ ಆಕ್ಸಿಸ್‌ನಲ್ಲಿ ಹೆಡ್‌ನ ತೂಕ ನಟ್ಟನ್ನು ಸದಾ ಒಂದೇ ಮಗ್ಗುಲಿಗೆ ಒತ್ತಿಕೊಂಡಿರುತ್ತದೆ. ನಟ್ 30 ಮೈಕ್ರಾನ್ ಸವೆದಿದ್ದರೂ ಕ್ಲಿಕ್ ಪರೀಕ್ಷೆಯಲ್ಲಿ ಏನೂ ಕಾಣದೆ ಹೋಗಬಹುದು. ಆದರೆ ದೊಡ್ಡ ಡ್ರಿಲ್ ಮೇಲಕ್ಕೆ ಒತ್ತುವ ಬಲ ಹೆಡ್ ತೂಕವನ್ನು ಮೀರಿದರೆ ಹೆಡ್ ಆ ಜಾಗದಷ್ಟು ಏಳುತ್ತದೆ, ಡ್ರಿಲ್ ಜಾಬ್‌ನ ತಳ ಒಡೆದು ಹೊರಬರುವ ಕ್ಷಣಕ್ಕೆ ಧೊಪ್ಪನೆ ಇಳಿಯುತ್ತದೆ. ಡ್ರಿಲ್ ಮೂತಿ ಚಕ್ಕೆ ಹಾರುವುದು ಆಗಲೇ. ಪರೀಕ್ಷೆಗೆ ಸ್ಪಿಂಡಲ್ ಕೆಳಗೆ ಮರದ ತುಂಡಿಟ್ಟು ಸಣ್ಣ ಜಾಕ್‌ನಿಂದ ನಿಧಾನಕ್ಕೆ ಎತ್ತಿ, ಡಯಲ್ ನೋಡಿ. ತೂಕ ಕಳೆದು ಹೋಗುವ ಹಂತದಲ್ಲಿ ಮುಳ್ಳು ಒಮ್ಮೆಲೇ ಓಡಿದರೆ ಅಷ್ಟು ಜಾಗವಿದೆ. ಕೌಂಟರ್ ವೇಟ್ ಇರುವ ಮೆಷಿನ್‌ನಲ್ಲಿ ತೂಕ ಹೆಚ್ಚುಕಡಿಮೆ ಸರಿದೂಗಿರುವುದರಿಂದ ಹೆಡ್ ಆ ಜಾಗದಲ್ಲಿ ತೇಲುತ್ತಲೇ ಇರುತ್ತದೆ.

ಜೆಡ್ ಮೋಟಾರ್ ಅಥವಾ ಕಪ್ಲಿಂಗ್ ಬಿಚ್ಚುವ ಮೊದಲು ಹೆಡ್ ಕೆಳಗೆ ಮರದ ದಿಮ್ಮಿ ಕೊಟ್ಟು ಅದರ ಮೇಲೆ ಭಾರ ಕೂತಿದೆಯೇ ಖಚಿತ ಮಾಡಿಕೊಳ್ಳಲೇಬೇಕು. ಬ್ರೇಕ್ ಇರುವುದು ಮೋಟಾರ್ ಒಳಗೆ. ಕಪ್ಲಿಂಗ್ ಬಿಟ್ಟಮೇಲೆ ಹೆಡ್ಡನ್ನು ಹಿಡಿಯುವುದು ಏನೂ ಇಲ್ಲ. ಕೈ, ತಲೆ ಅದರ ಕೆಳಗೆ ಇರಬಾರದು.

ಅಂಟಿ ಜಾರುವುದಕ್ಕೆ ಎಣ್ಣೆಯಿಂದ ಶುರು

ನಿಂತ ಸ್ಲೈಡ್ ಹೊರಡಿಸಲು ಬೇಕಾಗುವ ಬಲ, ಹೊರಟಮೇಲೆ ಸಾಗಿಸಲು ಬೇಕಾದ್ದಕ್ಕಿಂತ ಹೆಚ್ಚು. ಎಣ್ಣೆ ಪದರ ಕಟ್ಟಿಕೊಳ್ಳುವವರೆಗೆ ವೇಗ ಏರಿದಷ್ಟೂ ಘರ್ಷಣೆ ಇಳಿಯುತ್ತದೆ, ಆಮೇಲೆ ಮತ್ತೆ ಏರುತ್ತದೆ. ರಿಚರ್ಡ್ ಸ್ಟ್ರೈಬೆಕ್ 1902ರಲ್ಲಿ ಬೇರಿಂಗ್‌ಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ ವಕ್ರರೇಖೆ ಇದೇ. ಆ ಇಳಿಜಾರಿನಲ್ಲಿ ನಿಧಾನ ಫೀಡ್‌ನಲ್ಲಿ ಸಾಗುವ ಟೇಬಲ್ ಸ್ಥಿರವಾಗಿರಲಾರದು: ಸ್ಕ್ರೂ ಸ್ಪ್ರಿಂಗ್‌ನಂತೆ ಬಿಗಿದುಕೊಳ್ಳುತ್ತದೆ, ಟೇಬಲ್ ಹಾರುತ್ತದೆ, ನಿಲ್ಲುತ್ತದೆ, ಮತ್ತೆ ಬಿಗಿಯುತ್ತದೆ. ಫೀಡ್ ಸ್ವಲ್ಪ ಏರಿಸಿದಾಗ ನಡುಕ ಮಾಯವಾದರೆ ಕಾರಣ ಇದೇ.

ಸ್ಲೈಡ್‌ಗೆ ಸ್ಲೈಡ್‌ವೇ ಎಣ್ಣೆಯೇ ಬೇಕು, ಸಾಮಾನ್ಯವಾಗಿ ಅಡ್ಡ ಸ್ಲೈಡ್‌ಗೆ ವಿಜಿ 68 (ಎಣ್ಣೆಯ ದಪ್ಪದ ದರ್ಜೆ), ಲಂಬಕ್ಕೆ ಅದಕ್ಕಿಂತ ದಪ್ಪದ್ದು. ಮೊದಲು ಮೆಷಿನ್ ಪ್ಲೇಟ್ ನೋಡಿ. ಹೈಡ್ರಾಲಿಕ್ ಎಣ್ಣೆಯೂ 68 ಎಂದಿರುತ್ತದೆ, ಆದರೆ ಅಂಟಿ ಜಾರುವುದನ್ನು ತಡೆಯುವ ಗುಣ ಅದಕ್ಕಿಲ್ಲ. ಎಣ್ಣೆ ಟ್ಯಾಂಕ್ ತುಂಬಿದೆ ಎಂದರೆ ಸ್ಲೈಡ್‌ಗೆ ಎಣ್ಣೆ ಹೋಗುತ್ತಿದೆ ಎಂದಲ್ಲ: ಸ್ಲೈಡನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಪಂಪ್ ಎರಡು ಸಲ ಒತ್ತಿ, ಟೇಬಲ್ ಓಡಿಸಿ, ಬೆರಳಿಟ್ಟು ನೋಡಿ. ಒಂದು ಬದಿ ಒಣಗಿದ್ದರೆ ಆ ಸಾಲಿನ ಮೀಟರಿಂಗ್ ಕಾರ್ಟ್ರಿಜ್ ಕಟ್ಟಿಕೊಂಡಿದೆ. ಅದನ್ನು ತೊಳೆಯುವುದಕ್ಕಿಂತ ಬದಲಿಸುವುದು ಲೇಸು.

ವೃತ್ತದಲ್ಲಿ ಓದುವುದು

ಬಾಲ್‌ಬಾರ್ (ಮೆಷಿನ್ ವೃತ್ತ ಸುತ್ತುವಾಗ ತ್ರಿಜ್ಯದ ತಪ್ಪನ್ನು ಅಳೆಯುವ ಸಾಧನ) ಸಿಕ್ಕರೆ ಇಷ್ಟೆಲ್ಲವೂ ಒಂದೇ ಚಿತ್ರದಲ್ಲಿ ಕಾಣುತ್ತದೆ. ಆಕ್ಸಿಸ್ ದಿಕ್ಕು ಬದಲಿಸುವ ಜಾಗದಲ್ಲಿ ಮೋಟಾರ್ ತಿರುಗಿದರೂ ಟೇಬಲ್ ಅಂಚಿನಲ್ಲೇ ಉಳಿದರೆ ಗೆರೆ ಹೊರಕ್ಕೆ ಮೆಟ್ಟಿಲು ಹತ್ತಿ ಅಲ್ಲೇ ಮುಂದುವರಿಯುತ್ತದೆ: ಅದು ಜಾಗ. ಒಳಕ್ಕೆ ಮೆಟ್ಟಿಲಿದ್ದರೆ ಹಿಂದಿನವರು ಪ್ಯಾರಾಮೀಟರ್ ಹೆಚ್ಚು ಹಾಕಿದ್ದಾರೆ. ಚೂಪು ಮುಳ್ಳೊಂದು ಎದ್ದು ಕೂಡಲೇ ಮೊದಲಿನ ಗೆರೆಗೆ ಮರಳಿದರೆ ಅದು ಘರ್ಷಣೆ. ವೃತ್ತ 45 ಡಿಗ್ರಿಗೆ ಮೊಟ್ಟೆಯಂತಾಗಿ, ಎದುರು ದಿಕ್ಕಿನಲ್ಲಿ ಓಡಿಸಿದಾಗ ಮೊಟ್ಟೆ ಇನ್ನೊಂದು ಕಡೆ ವಾಲಿದರೆ ಎರಡು ಆಕ್ಸಿಸ್‌ಗಳ ಪೊಸಿಷನ್ ಗೇನ್ (ಸ್ಥಾನದ ತಪ್ಪಿಗೆ ಸರ್ವೋ ಪ್ರತಿಕ್ರಿಯಿಸುವ ತೀವ್ರತೆ) ಬೇರೆ ಬೇರೆ ಇದೆ, ಮೆಕಾನಿಕಲ್ ಭಾಗಕ್ಕೆ ಕೈ ಹಾಕಬೇಕಿಲ್ಲ.

ಬಾಲ್‌ಬಾರ್ ಇಲ್ಲದಿದ್ದರೆ ಅಲ್ಯೂಮಿನಿಯಂ ತುಂಡಿನಲ್ಲಿ 60 ಮಿ.ಮೀ. ಬಾಸ್ (ದುಂಡು ಉಬ್ಬು) ಒಂದನ್ನು ಹರಿತವಾದ 12 ಮಿ.ಮೀ. ಎಂಡ್ ಮಿಲ್‌ನಿಂದ ಕೊನೆಗೆ 0.1 ಮಿ.ಮೀ. ಬಿಟ್ಟು ಫಿನಿಶ್ ಮಾಡಿ. ಆಮೇಲೆ ಎಕ್ಸ್, ವೈ ಎರಡನ್ನೂ ಬಾಸ್ ಕೇಂದ್ರದಲ್ಲಿ ನಿಲ್ಲಿಸಿ, ಸ್ಪಿಂಡಲ್‌ಗೆ ಡಯಲ್ ಕಟ್ಟಿ, ಕೈಯಿಂದ ಸುತ್ತಿಸಿ. ಈಗ ಆಕ್ಸಿಸ್‌ಗಳು ಅಲ್ಲಾಡುವುದಿಲ್ಲ, ಅಳತೆ ಸ್ಪಿಂಡಲ್ ತಿರುಗುವಿಕೆಯದ್ದು, ಆದ್ದರಿಂದ 0, 90, 180, 270ರಲ್ಲಿ ಕಾಣುವ ಮೆಟ್ಟಿಲು ಕಟಿಂಗ್ ಸಮಯದ್ದೇ.

ಈಗ ಪ್ಯಾರಾಮೀಟರ್

ಸಡಿಲವೆಲ್ಲ ಸರಿಪಡಿಸಿದ ಮೇಲೆ ಉಳಿದದ್ದನ್ನು ಹಾಕಿ. ಮೂರು ಕಡೆ 4, 14, 5 ಬಂದಿದ್ದರೆ ನಡುವೆ ಸ್ಕ್ರೂ ಸವೆದಿದೆ, ದಿನವೂ ಕೆಲಸ ನಡೆಯುವುದು ಅಲ್ಲೇ ಆದ್ದರಿಂದ. 14 ಹಾಕಿದರೆ ಅಂಚಿನಲ್ಲಿ 10 ಮೈಕ್ರಾನ್ ಹೆಚ್ಚಾಗಿ ಜಾಬ್‌ಗೆ ಕುಳಿ ಬೀಳುತ್ತದೆ. 4 ಅಥವಾ 5 ಹಾಕಿ, ಕೆಲಸದ ಜಾಗವನ್ನು ಸ್ವಲ್ಪ ಕಾಲ ಬದಿಗೆ ಸರಿಸಿ, ಸ್ಕ್ರೂ ಬದಲಿಸುವ ತಯಾರಿ ಮಾಡಿ. ರೆಫರೆನ್ಸ್‌ಗೆ ಹೋದಮೇಲೆ ಅದೇ ಕ್ಲಿಕ್ ಪರೀಕ್ಷೆ ಮತ್ತೆ ಮಾಡಿ. ಲೇತ್‌ನ ಎಕ್ಸ್‌ನಲ್ಲಿ ವ್ಯಾಸ-ತ್ರಿಜ್ಯದ ಗೊಂದಲವಿರುತ್ತದೆ. ಮರುಪರೀಕ್ಷೆಯಲ್ಲಿ ಅರ್ಧ ಉಳಿದರೆ ಅಥವಾ ಅಷ್ಟೇ ಹಿಂದಕ್ಕೆ ಹೋದರೆ ಅದೇ ಕಾರಣ.

ಘರ್ಷಣೆಯ ಮುಳ್ಳಿಗೆ ಮದ್ದು ಬೇರೆ. ಫಾನಕ್‌ನಲ್ಲಿ 2003ರ 5ನೇ ಬಿಟ್ ಆನ್ ಮಾಡಿ, 2048ರಲ್ಲಿ ದಿಕ್ಕು ಬದಲಾಗುವಾಗ ಕೊಡುವ ಹೆಚ್ಚುವರಿ ತಳ್ಳು, 2071ರಲ್ಲಿ ಅದರ ಅವಧಿ. ಸೀಮೆನ್ಸ್‌ನಲ್ಲಿ 32500ರಿಂದ ಫ್ರಿಕ್ಷನ್ ಕಾಂಪೆನ್ಸೇಷನ್ ಆನ್, 32520 ಮತ್ತು 32540 ಅದರ ಪ್ರಮಾಣ ಮತ್ತು ಸಮಯ. ಕೆಲಸ ಮಾಡುವ ಫೀಡ್‌ನಲ್ಲೇ ವೃತ್ತ ಓಡಿಸಿ, ಸ್ವಲ್ಪ ಸ್ವಲ್ಪವೇ ಏರಿಸಿ. ಮುಳ್ಳು ಒಳಮುಖವಾದರೆ ಹೆಚ್ಚಾಯಿತು.

ಟೇಬಲ್‌ಗೆ ಲೀನಿಯರ್ ಸ್ಕೇಲ್ ಇರುವ ಮೆಷಿನ್‌ನಲ್ಲಿ ಜಾಗ ಇನ್ನೂ ಕೆಟ್ಟದ್ದು. ಮೋಟಾರ್ ಆ ಜಾಗ ದಾಟುವವರೆಗೆ ಸ್ಕೇಲ್ ಏನೂ ಹೇಳುವುದಿಲ್ಲ, ಕಂಟ್ರೋಲರ್ ಬಲ ಏರಿಸುತ್ತಲೇ ಹೋಗುತ್ತದೆ, ಗೋಡೆಗೆ ಬಡಿದು ಟೇಬಲ್ ಗುರಿ ದಾಟುತ್ತದೆ, ಮತ್ತೆ ಹಿಂದಕ್ಕೆ. ನಿಂತಲ್ಲೇ ಕಟಕಟ ಸದ್ದು, ಡಿಸ್‌ಪ್ಲೇಯ ಕೊನೆಯ ಅಂಕಿ ಕುಣಿಯುತ್ತದೆ. ಸದ್ದಿಲ್ಲದೆ ಕೆಲವು ಸೆಕೆಂಡಿಗೊಮ್ಮೆ ಮಾತ್ರ ಅಂಕಿ ಹಾರುತ್ತಿದ್ದರೆ ಅದು ಜಾಗವಲ್ಲ, ಸ್ಲೈಡ್‌ನ ಅಂಟು. ಗೇನ್ ಇಳಿಸಿದರೆ ಎರಡೂ ಅಡಗುತ್ತವೆ, ಯಾವುದೂ ವಾಸಿಯಾಗುವುದಿಲ್ಲ. ಬಿಗಿತ ಮೈಕ್ರಾನ್‌ಗೆ 130 ನ್ಯೂಟನ್ ಇರುವ 500 ಕೆ.ಜಿ. ಟೇಬಲ್ ಸುಮಾರು 80 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಜಾಗ ಇದ್ದರೆ ಅಲುಗಾಟ ಸಣ್ಣದಿದ್ದಾಗ ಆ ಸಂಖ್ಯೆ ಕೆಳಗಿಳಿಯುತ್ತದೆ, ದೊಡ್ಡದಾದಾಗ ಮೇಲೇರುತ್ತದೆ. ಒಂದೇ ಹರ್ಟ್ಜ್ ಸಂಖ್ಯೆಯ ನಡುಕ ತಡೆಯಲು ಕೂರಿಸಿದ ನಾಚ್ ಫಿಲ್ಟರ್ ಒಮ್ಮೆ ಹಿಡಿದು ಒಮ್ಮೆ ಬಿಡುವುದು ಇದರಿಂದಲೇ.

ಬೆಲ್ಟ್ ಆಕ್ಸಿಸ್‌ಗೂ ಗೇರ್‌ಬಾಕ್ಸ್‌ಗೂ ಇದೇ ಕ್ರಮ. ಬೆಲ್ಟ್‌ನ ನಡುವೆ ಬೆರಳಿಟ್ಟು ಒತ್ತಿದಾಗ ಸ್ಪ್ಯಾನ್‌ನ ಅರವತ್ತನಾಲ್ಕನೇ ಒಂದು ಭಾಗ ಬಗ್ಗಬೇಕು ಎಂಬುದು ಹಳೆಯ ಅಂದಾಜು; ಒತ್ತುವ ಬಲವನ್ನು ಬೆಲ್ಟ್ ಕ್ಯಾಟಲಾಗ್‌ನಿಂದ ತೆಗೆದುಕೊಳ್ಳಿ. 3 ಆರ್ಕ್ ಮಿನಿಟ್ ಪ್ಲೇ ಇರುವ ಗೇರ್‌ಬಾಕ್ಸ್ 30 ಮಿ.ಮೀ. ತ್ರಿಜ್ಯದ ಪಿನಿಯನ್‌ನಲ್ಲಿ ರ್‍ಯಾಕ್ ಮೇಲೆ 26 ಮೈಕ್ರಾನ್ ಆಗುತ್ತದೆ. ರೋಬೋಟ್ ಕೀಲುಗಳ ಹಾರ್ಮೋನಿಕ್ ಡ್ರೈವ್‌ನಲ್ಲಿ ಜಾಗ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಆದರೆ ಸಣ್ಣ ಟಾರ್ಕ್‌ಗೆ ಅದು ಮೆತ್ತಗೆ, ದೊಡ್ಡ ಟಾರ್ಕ್‌ಗೆ ಗಟ್ಟಿ. ಅದಕ್ಕೇ ಕ್ಯಾಟಲಾಗ್‌ನಲ್ಲಿ ಬಿಗಿತಕ್ಕೆ ಒಂದಲ್ಲ, ಮೂರು ಸಂಖ್ಯೆ ಕೊಟ್ಟಿರುತ್ತಾರೆ. ಹಗುರ ಕೆಲಸಕ್ಕೆ ಮೊದಲ ಸಂಖ್ಯೆಯಿಂದಲೇ ಲೆಕ್ಕ ಹಾಕಿ.

ಮುಗಿದಮೇಲೆ ಮೂರೂ ಜಾಗದ ರೀಡಿಂಗ್, ಸ್ಕ್ರೂ ತುದಿಯ ರೀಡಿಂಗ್, ಪ್ಯಾರಾಮೀಟರ್ ಮೌಲ್ಯ, ದಿನಾಂಕ ಬರೆದ ಕಾರ್ಡನ್ನು ಪ್ಯಾನಲ್ ಬಾಗಿಲಿನ ಒಳಬದಿಗೆ ಅಂಟಿಸಿ, ಮೂರು ತಿಂಗಳಿಗೊಮ್ಮೆ ಅದೇ ಜಾಗಗಳಲ್ಲಿ ಅಳೆಯಿರಿ. ನಡುವಿನದು ಮಾತ್ರ ಏರಿದ್ದರೆ ಸ್ಕ್ರೂಗೆ ಆರ್ಡರ್ ಕೊಡಿ. ಮೂರೂ ಸಮನಾಗಿ ಏರಿದ್ದರೆ ಮೊದಲು ಸೆಂಟರ್ ಕುಳಿ ಒರೆಸಿ ಬಾಲ್ ಇಡಿ.